ಜೈಲಿನ ಒಂದು ದಿನಕ್ಕೆ ಬೆಲೆ ಎಷ್ಟು?

ನಾನು ಓದಿದ್ದು ಬಿಕಾಂ, ಲಾ ಅಲ್ಲ. ಹಾಗಾಗಿ ಇವತ್ತಿನ ವಿಷಯವನ್ನ ನನಗೆ ಗೊತ್ತಿರೋ ದಾರೀಲೇ, ಅಂದ್ರೆ ಲೆಕ್ಕದಲ್ಲೇ ಹೇಳ್ತೀನಿ.

2025ರ ಏಪ್ರಿಲ್‌ನಲ್ಲಿ ಮಡಿಕೇರಿಯ ಒಂದು ಹೋಟೆಲ್‌ನಲ್ಲಿ ಒಬ್ಬ ಮಹಿಳೆ ಕಾಣಿಸಿಕೊಂಡರು. ಪೊಲೀಸ್ ದಾಖಲೆ ಪ್ರಕಾರ ಅವರು ಕೊಲೆಯಾಗಿ ವರ್ಷಗಳೇ ಆಗಿದ್ದವು! ಆ ಕೊಲೆ ಆರೋಪ ಹೊತ್ತು ಸುಮಾರು ಒಂದೂವರೆ ವರ್ಷ ಜೈಲಲ್ಲಿದ್ದವರು ಅವರ ಗಂಡ. ಕುಶಾಲನಗರದ ಹತ್ತಿರದ ಆದಿವಾಸಿ ಕೂಲಿ ಕಾರ್ಮಿಕ. ಪಿರಿಯಾಪಟ್ಟಣದ ಕಡೆ ಸಿಕ್ಕ ಅಸ್ಥಿಪಂಜರ ಈ ಮಹಿಳೆಯದ್ದೇ ಅಂತ ಕೇಸ್ ಕಟ್ಟಿದ್ರು. ಡಿಎನ್‌ಎ ಹೊಂದಿಕೆಯಾಗಲಿಲ್ಲ. ಆದ್ರೂ ಕೇಸ್ ಮುಂದುವರಿಯಿತು. ಕೊನೆಗೆ ಮೈಸೂರಿನ ನ್ಯಾಯಾಲಯ ಅವರನ್ನ ಖುಲಾಸೆ ಮಾಡಿ, ಗೃಹ ಇಲಾಖೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಆದೇಶಿಸಿತು.

ಈಗ ಭಾಗಾಕಾರ ಮಾಡಿ. ಬರೀ ಒಂದೂವರೆ ವರ್ಷ ಅಂತ ಹಿಡಿದ್ರೂ ದಿನಕ್ಕೆ 200 ರೂಪಾಯಿ ಕೂಡ ಬೀಳಲ್ಲ.

ಇದೇ ಖಾತೆಯ ಬೇರೆ ನಮೂದು ನೋಡಿ. ಬಿಹಾರದ ರುದುಲ್ ಸಾಹ್ 1968ರಲ್ಲೇ ಖುಲಾಸೆಯಾಗಿದ್ದರೂ 1982ರವರೆಗೆ ಜೈಲಲ್ಲೇ ಇದ್ದರು. 1983ರಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ್ದು ಒಟ್ಟು 35,000 ರೂಪಾಯಿ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಸುಮಾರು 50 ದಿನ ಬಂಧನದಲ್ಲಿದ್ದರು. 2018ರಲ್ಲಿ ಅವರಿಗೆ 50 ಲಕ್ಷ. ಅವರಿಗೆ ಜಾಸ್ತಿಯಾಯ್ತು ಅಂತ ಹೇಳ್ತಿಲ್ಲ. ಈ ಮೂರು ಮೊತ್ತಗಳ ಹಿಂದೆ ಯಾವ ಸೂತ್ರವೂ ಇಲ್ಲ ಅನ್ನೋದು ನನ್ನ ತಕರಾರು.

ಇನ್ನು ಶಿಕ್ಷೆಯೇ ಆಗಿಬಿಟ್ಟವರ ಕಥೆ ಕೇಳಿ. ಕಲಬುರಗಿಯ ಒಬ್ಬ ಫಾರ್ಮಸಿ ವಿದ್ಯಾರ್ಥಿಯನ್ನ 1994ರ ಜನವರಿಯಲ್ಲಿ ರೈಲು ಸ್ಫೋಟ ಪ್ರಕರಣದಲ್ಲಿ ಹಿಡಿದ್ರು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯ ಆಗಲ್ಲ. ಟಾಡಾ ಕಾಯ್ದೆಯಲ್ಲಿ ಆಗ್ತಿತ್ತು. ಆ ಹೇಳಿಕೆಯ ಮೇಲೇ ಜೀವಾವಧಿ ಶಿಕ್ಷೆ. 2016ರ ಮೇನಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡುವಷ್ಟರಲ್ಲಿ 22 ವರ್ಷ ದಾಟಿತ್ತು. ಕೋರ್ಟಿಗೆ ಅಲೆದ ಅಪ್ಪ ತೀರಿಹೋಗಿದ್ದರು. ಹೋಗುವಾಗ 12 ವರ್ಷದವಳಾಗಿದ್ದ ತಂಗಿಗೆ, ಬರುವಾಗ 12 ವರ್ಷದ ಮಗಳಿದ್ದಳು. ಇದನ್ನ ಯಾವ ಕಾಲಂನಲ್ಲಿ ಬರೀತೀರಿ?

ಹಾಗಾದ್ರೆ ಕಾನೂನು ಏನು ಹೇಳುತ್ತೆ? ಆಧಾರವಿಲ್ಲದೆ ಬಂಧನ ಮಾಡಿಸಿದವರಿಂದ ಪರಿಹಾರ ಕೊಡಿಸೋ ಅವಕಾಶ ಇದೆ. ಗರಿಷ್ಠ 1,000 ರೂಪಾಯಿ! ಅದೂ ಸರ್ಕಾರದಿಂದಲ್ಲ, ಬಂಧಿಸುವ ಹಾಗೆ ಮಾಡಿದ ವ್ಯಕ್ತಿಯಿಂದ. ಇನ್ನು ಉಳಿದಿದ್ದು ಹೈಕೋರ್ಟ್, ಸುಪ್ರೀಂ ಕೋರ್ಟ್ ಬಾಗಿಲು. ಕೂಲಿ ಬಿಟ್ಟು ಅಲ್ಲಿಗೆ ಅಲೆಯೋ ಶಕ್ತಿ ಎಷ್ಟು ಜನರಿಗಿದೆ?

2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಪರಿಹಾರ ಹಕ್ಕಾಗಬೇಕು, ಇದಕ್ಕೇ ವಿಶೇಷ ನ್ಯಾಯಾಲಯ ಬೇಕು ಅಂತ ಶಿಫಾರಸು ಮಾಡಿತು. ಹಣ ಅಷ್ಟೇ ಅಲ್ಲ, ಕೌನ್ಸೆಲಿಂಗ್, ಉದ್ಯೋಗ ತರಬೇತಿನೂ ಕೊಡಬೇಕು ಅಂತು. ಆಮೇಲೆ 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದ್ವು. ಸೆಕ್ಷನ್ ನಂಬರ್ ಬದಲಾಯ್ತು. ಆ 1,000 ರೂಪಾಯಿ ಹಾಗೇ ಉಳೀತು.

ಕಳೆದ ವರ್ಷಗಳನ್ನ ಯಾರೂ ವಾಪಸ್ ಕೊಡೋಕಾಗಲ್ಲ, ಒಪ್ತೀನಿ. ಆದ್ರೆ ಸಾಲ ಇದೆ ಅಂತ ಪುಸ್ತಕದಲ್ಲಿ ಬರೆದುಕೊಳ್ಳೋದಾದ್ರೂ ಬೇಡ್ವಾ? ಯೋಚನೆ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.