ಒಂದೇ ಕಡತದಲ್ಲಿ ಉದ್ದ ಪುಟ, ಅಡ್ಡ ಪುಟ

ಕಾಸರಗೋಡು: ಕನ್ನಡ ಶಾಲೆಯೊಂದರ ಅಧ್ಯಾಪಕ ಹುದ್ದೆಗಳ ಬಗ್ಗೆ ಹಿಂದೊಮ್ಮೆ ಮನವಿ ಟೈಪ್ ಮಾಡಿಕೊಟ್ಟಿದ್ದೆ. ಅದರಲ್ಲಿ ಒಂಬತ್ತು ಕಾಲಂಗಳ ಪಟ್ಟಿ. ಮುದ್ರಿಸಿದಾಗ ಬಲಗಡೆಯ ಕೊನೆಯ ಕಾಲಂ ಕಾಗದದಾಚೆ ಹೋಗಿತ್ತು. ಖಾಲಿ ಹುದ್ದೆಗಳ ಸಂಖ್ಯೆ ಇದ್ದದ್ದೇ ಅದರಲ್ಲಿ! ಆ ಪುಟವನ್ನಷ್ಟೇ ಅಡ್ಡಕ್ಕೆ ತಿರುಗಿಸಲು ಹೋದರೆ ಇಡೀ ಮನವಿಯೇ ಅಡ್ಡವಾಯಿತು.

ಎ4 ಕಾಗದದ ಅಗಲ 210 ಮಿ.ಮೀ., ಉದ್ದ 297. ಅಡ್ಡ ಇಟ್ಟರೆ 87 ಮಿ.ಮೀ. ಹೆಚ್ಚು ಅಗಲ ಸಿಗುತ್ತದೆ. ಆದರೆ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ದಿಕ್ಕು ಅಂಟಿಕೊಂಡಿರುವುದು ಪುಟಕ್ಕಲ್ಲ, 'ಸೆಕ್ಷನ್' ಎಂಬ ಭಾಗಕ್ಕೆ. ನೀವು ಒಡೆಯದಿದ್ದರೆ ಇಡೀ ಕಡತವೇ ಒಂದು ಸೆಕ್ಷನ್.

ಸುಲಭದ ದಾರಿ ಇದೆ. ಪಟ್ಟಿಯನ್ನು ಅದರ ತಲೆಬರಹ ಸಮೇತ ಸೆಲೆಕ್ಟ್ ಮಾಡಿ. ಪೇಜ್ ಸೆಟಪ್ ತೆರೆದು ಲ್ಯಾಂಡ್‌ಸ್ಕೇಪ್ ಆರಿಸಿ, ಕೆಳಗೆ 'ಅಪ್ಲೈ ಟು' ಎಂಬಲ್ಲಿ 'ಸೆಲೆಕ್ಟೆಡ್ ಟೆಕ್ಸ್ಟ್' ಕೊಡಿ. ಹಿಂದೆ ಮುಂದೆ ಸೆಕ್ಷನ್ ಬ್ರೇಕನ್ನು ವರ್ಡ್ ತಾನೇ ಹಾಕುತ್ತದೆ. (ಪೇಜ್ ಸೆಟಪ್ 2003ರ ಆವೃತ್ತಿಯಲ್ಲಿ ಫೈಲ್ ಮೆನುವಿನಲ್ಲಿತ್ತು; ಈಗ ಲೇಔಟ್‌ನಲ್ಲಿ ಹುಡುಕಬೇಕು.) ಏನೋ ಗೆರೆ ಬಂದಿದೆಯೆಂದು ಆ ಬ್ರೇಕನ್ನು ಅಳಿಸಬೇಡಿ. ಅಳಿಸಿದರೆ ಅದರ ಹಿಂದಿನ ಭಾಗ ಮುಂದಿನದರ ದಿಕ್ಕನ್ನೇ ಹಿಡಿಯುತ್ತದೆ, ಮನವಿ ಮತ್ತೆ ಅಡ್ಡ!

ಲಿಬ್ರೆ ಆಫೀಸ್ ರೈಟರ್‌ನ ರೀತಿ ಬೇರೆ. ಪಟ್ಟಿಯ ಮೊದಲು ಮ್ಯಾನುವಲ್ ಬ್ರೇಕ್ ಹಾಕುವಾಗ 'ಲ್ಯಾಂಡ್‌ಸ್ಕೇಪ್' ಪೇಜ್ ಸ್ಟೈಲ್ ಆರಿಸಬೇಕು, ಪಟ್ಟಿ ಮುಗಿದಲ್ಲಿ ಇನ್ನೊಂದು ಬ್ರೇಕ್ ಹಾಕಿ ಹಳೆಯ ಸ್ಟೈಲ್‌ಗೆ ಮರಳಬೇಕು. ಗೂಗಲ್ ಡಾಕ್ಸ್‌ಗೆ ಈ ಸೌಕರ್ಯ ಬಂದದ್ದು 2020ರಲ್ಲಿ.

ಪೇಟೆಯ ಅಂಗಡಿಯಲ್ಲಿ ಮುದ್ರಿಸುವುದಾದರೆ ಪಿಡಿಎಫ್ ಮಾಡಿಯೇ ಒಯ್ಯಿರಿ. ಅಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೆ ಪಟ್ಟಿ ಮತ್ತೆ ಕಾಗದದಾಚೆ ಹೋದೀತು.