ಓಟದ ಪಥದಲ್ಲಿ ಮನೆಯ ಕಾರು

ಹಾವೇರಿ-ರಾಣೆಬೆನ್ನೂರು ಹೆದ್ದಾರಿಯಲ್ಲಿ ಕಾರನ್ನು ಹಾರಿಸುವುದೇ ಶೌರ್ಯವೆಂದು ನಮ್ಮ ಕೆಲವು ಮಿತ್ರರ ಭಾವನೆ. ಮೋಟೆಬೆನ್ನೂರಿನ ಬಳಿ ಬ್ಯಾಡಗಿಯ ಮೆಣಸಿನಕಾಯಿ ಲಾರಿ ಅಡ್ಡ ಬಂದರೆ ಆ ಶೌರ್ಯದ ಗತಿಯೇನು? ವೇಗದ ಹಂಬಲವುಳ್ಳ ಹವ್ಯಾಸಿಗಳು ಸ್ವಂತ ಕಾರನ್ನು ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಪಥಕ್ಕೆ ಒಯ್ಯುವುದುಂಟು. 1990ರಲ್ಲಿ ತೆರೆದ ಈ ಪಥ ಸುಮಾರು 3.7 ಕಿಲೋಮೀಟರು. ಇಂಥ ದಿನಗಳಲ್ಲಿ ಪಂದ್ಯವಿಲ್ಲ, ಎದುರು ವಾಹನವೂ ಇಲ್ಲ.

ಆದರೆ ಮನೆಯ ಕಾರಿನಲ್ಲಿ ಮೊದಲು ಸೋಲುವುದು ಹೆಚ್ಚಾಗಿ ಎಂಜಿನಲ್ಲ, ಬ್ರೇಕು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿ. ತಿರುವು ತಿರುವಿಗೂ ಅದರ ಬಹುಭಾಗ ಬ್ರೇಕಿನಲ್ಲಿ ಉಷ್ಣವಾಗುತ್ತದೆ. ಬ್ರೇಕಿನ ದ್ರವ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪೆಡಲು ಮೆತ್ತಗೆ ಕೆಳಗಿಳಿಯುತ್ತದೆ, ಕಾರು ಮಾತ್ರ ನಿಲ್ಲದು! ಹಳೆಯ ದ್ರವ ತೇವ ಹೀರಿರುವುದರಿಂದ ಇನ್ನೂ ಬೇಗ ಕುದಿಯುತ್ತದೆ. ಬಲ್ಲವರು ಹೊಸ ದ್ರವ ತುಂಬಿಸಿ, ಕೆಲವೇ ಸುತ್ತು ಓಡಿಸಿ, ಕೊನೆಯ ಸುತ್ತನ್ನು ನಿಧಾನವಾಗಿ ಮುಗಿಸುತ್ತಾರೆ. ನಿಲ್ಲಿಸಿದೊಡನೆ ಕೈಬ್ರೇಕನ್ನೂ ಎಳೆಯುವುದಿಲ್ಲ.