2147483647: ಲ್ಯಾಬ್‌ನಲ್ಲಿ ಸಿಕ್ಕ ಅವಿಭಾಜ್ಯ ಸಂಖ್ಯೆ

ಕಳೆದ ತಿಂಗಳು ಕಂಪ್ಯೂಟರ್ ಲ್ಯಾಬ್‌ನಲ್ಲಿ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಬರೆದೆ. 12ರವರೆಗೆ ಉತ್ತರ ಸರಿ ಬಂತು. 13 ಕೊಟ್ಟಾಗ 6227020800 ಬರಬೇಕಿತ್ತು, ಬಂದದ್ದು 1932053504. ಪ್ರತಿ ಸಾಲನ್ನೂ ಎರಡೆರಡು ಸಲ ನೋಡಿದೆ, ತಪ್ಪು ಸಿಗಲಿಲ್ಲ. ನನಗೆ ಈ ವಿಷಯ ಬರುವುದೇ ಇಲ್ಲವೇನೋ ಅನಿಸಿತು. ಮೇಡಂ ಬಂದು ನೋಡಿ, "ನಿನ್ನ ಲೆಕ್ಕ ಸರಿ ಇದೆಯಮ್ಮಾ, ಸಂಖ್ಯೆಗೆ ಕೊಟ್ಟ ಜಾಗ ಸಾಲದು" ಎಂದರು.

ಇಂಟ್ ಎಂದು ಬರೆದರೆ ನಮ್ಮ ಕಂಪ್ಯೂಟರ್ 32 ಬಿಟ್ ಜಾಗ ಕೊಡುತ್ತದೆ. ಒಂದು ಬಿಟ್ ಧನವೋ ಋಣವೋ ಎಂಬ ಚಿಹ್ನೆಗೆ ಹೋಗುತ್ತದೆ. ಉಳಿದ 31 ಬಿಟ್‌ಗಳಲ್ಲೂ 1 ತುಂಬಿದರೆ ಸಿಗುವುದು 2ರ 31ನೇ ಘಾತಕ್ಕಿಂತ ಒಂದು ಕಡಿಮೆ, ಅಂದರೆ 2147483647. ಇದಕ್ಕಿಂತ ದೊಡ್ಡದು ಅಲ್ಲಿ ಹಿಡಿಸದು.

"ಅದು ಅವಿಭಾಜ್ಯ ಸಂಖ್ಯೆಯೂ ಹೌದು" ಎಂದರು ಮೇಡಂ. ಇಷ್ಟು ದೊಡ್ಡ ಸಂಖ್ಯೆಯನ್ನು ಯಾರು ಭಾಗಿಸಿ ನೋಡಿದರು? ಉತ್ತರ: ಲಿಯೊನಾರ್ಡ್ ಆಯ್ಲರ್, 1772ರಲ್ಲಿ. ಆಗ ಅವರಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ.

ಒಂದು ಸಂಖ್ಯೆಗೆ ಅಪವರ್ತನಗಳಿದ್ದರೆ ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲವನ್ನು ಮೀರುವುದಿಲ್ಲ. ಇಲ್ಲಿ ವರ್ಗಮೂಲ ಸುಮಾರು 46341. ಅಷ್ಟರೊಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಎಲ್ಲವನ್ನೂ ಪರೀಕ್ಷಿಸಬೇಕಾಗಿಲ್ಲ.

ಅವಿಭಾಜ್ಯ ಪ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ 2ರ 31ನೇ ಘಾತವನ್ನು ಪ-ದಿಂದ ಭಾಗಿಸಿದರೆ ಶೇಷ 1. ಫರ್ಮಾ ಪ್ರಮೇಯದಂತೆ 2ರ (ಪ−1)ನೇ ಘಾತಕ್ಕೂ ಶೇಷ 1. 31 ಅವಿಭಾಜ್ಯವಾದ್ದರಿಂದ ಅದು ಪ−1ನ್ನು ಭಾಗಿಸಲೇಬೇಕು. ಪ−1 ಸಮಸಂಖ್ಯೆ ಬೇರೆ. ಆದ್ದರಿಂದ ಪ-ವನ್ನು 62ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು.

ಇದನ್ನು 2ರ 11ನೇ ಘಾತದಲ್ಲಿ ನೋಡೋಣ. ಒಂದು ಕಳೆದರೆ 2047, ಅಂದರೆ 23 × 89. ಎರಡನ್ನೂ 22ರಿಂದ ಭಾಗಿಸಿ, ಶೇಷ 1! ಘಾತಾಂಕ ಅವಿಭಾಜ್ಯವಾದ ಮಾತ್ರಕ್ಕೆ ಉತ್ತರವೂ ಅವಿಭಾಜ್ಯವಾಗುವುದಿಲ್ಲ ಎಂಬುದೂ ಇಲ್ಲಿ ತಿಳಿಯುತ್ತದೆ. ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 31ರ ಜೊತೆ 67 ಕೂಡ ಇತ್ತು. 67 ತಪ್ಪೆಂದು ಮುಂದೆ ಸಾಬೀತಾಯಿತು. ಆದ್ದರಿಂದಲೇ ಸಾಧನೆ ಬೇಕು.

ಇನ್ನೊಂದು ನಿಯಮವೂ ಇದೆ: ಪ-ವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ. ಎರಡು ನಿಯಮ ಸೇರಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಬೇಕು. 46341ರೊಳಗೆ ಅಂಥವು, 63ನ್ನು ಬಿಟ್ಟು, 372 ಮಾತ್ರ. ಯಾವುದೂ ಭಾಗಿಸುವುದಿಲ್ಲ. ಸಾಧನೆ ಮುಗಿಯಿತು.

ನಾನು ಇಂಟ್ ಬದಲು ಲಾಂಗ್ ಲಾಂಗ್ ಎಂದು ಬರೆದೆ. 20ರವರೆಗೆ ಉತ್ತರ ಸರಿ ಬಂತು, 21ಕ್ಕೆ ಮತ್ತೆ ಕೆಟ್ಟಿತು. ಈ ಸಲ ಗಾಬರಿಯಾಗಲಿಲ್ಲ. ಅಲ್ಲಿನ ಮಿತಿ 2ರ 63ನೇ ಘಾತಕ್ಕಿಂತ ಒಂದು ಕಡಿಮೆ. ಅದೂ ಅವಿಭಾಜ್ಯವೇ? ಕ್ಯಾಲ್ಕುಲೇಟರ್ ಬೇಡ. 63ನ್ನು 3 ಭಾಗಿಸುತ್ತದೆ ಎಂಬುದರಿಂದ ಶುರುಮಾಡಿ. ಉತ್ತರ ಸಿಕ್ಕವರು ನನಗೆ ಹೇಳಿ.